ಜೋಳದ ರೊಟ್ಟಿಯೂ ಯೊರ್ದನಿನ ನೀರೂ

(ಓದತಕ್ಕ ಭಾಗ: 2 ಅರಸುಗಳು 5ನೆಯ ಅಧ್ಯಾಯ)

ಅರಾಮ್ಯರ ಸೇನಾಧಿಪತಿಯಾದ ನಾಮಾನನ ಸಂಗತಿಯನ್ನು ನೀವೆಲ್ಲರೂ ಬಲ್ಲಿರಿ. ಕುಷ್ಠ ಹಿಡಿದ ಆ ದೊಡ್ಡ ಮನುಷ್ಯನು ರಥಗಳೊಡನೆ ಎಲೀಷನ ಬಾಗಿಲಲ್ಲಿ ನಿಂತಾಗ ಪ್ರವಾದಿಯು ಹೊರಗೆ ಸಹ ಬಾರದೆ, ಯೊರ್ದನಿನಲ್ಲಿ ಏಳು ಸಾರಿ ಮುಳುಗಬೇಕೆಂದು ಆಳಿನ ಮೂಲಕ ಹೇಳಿಸಿದನು. ನಾಮಾನನು ಸಿಟ್ಟಾದದ್ದು ಔಷಧವು ಕಹಿಯಾದದ್ದರಿಂದಲ್ಲ, ಅಷ್ಟು ಅಗ್ಗವಾದದ್ದರಿಂದ. ಇದಕ್ಕೆ ಹೋಲುವ ಸಂಗತಿಯೊಂದು ನಮ್ಮ ಸಿರವಾರದ ನೆರೆಸೀಮೆಯಲ್ಲಿಯೇ ನಡೆಯಿತೆಂಬ ಹೇಳಿಕೆಯುಂಟು.

ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ 1728ರಲ್ಲಿ ಶ್ರೀನಿವಾಸನೆಂಬವನು ಹುಟ್ಟಿದನು. ಬಾಲ್ಯದಿಂದಲೇ ಸಂಸ್ಕೃತ ಶಾಸ್ತ್ರಗಳನ್ನು ಕಲಿತು ಮೂವತ್ತು ತುಂಬುವ ಮುಂಚೆಯೇ ದೊಡ್ಡ ಪಂಡಿತನೆನಿಸಿಕೊಂಡನು. ಅದೇ ಸೀಮೆಯ ಚೀಕಲಪರವಿಯವರಾದ ವಿಜಯದಾಸರು ಆಗ ಊರೂರಿಗೆ ಹೋಗಿ ಕನ್ನಡದಲ್ಲಿ ಪದಗಳನ್ನು ಹಾಡುತ್ತಿದ್ದರು. ಅವರು ಮಾನ್ವಿಗೆ ಬಂದು ಈತನನ್ನು ಊಟಕ್ಕೆ ಕರೆಯಲು, ತಂಬೂರಿಯವನ ಪಂಕ್ತಿಯಲ್ಲಿ ಕೂರುವುದು ಹೇಗೆಂದು ನಾಚಿ, ಹೊಟ್ಟೆನೋವೆಂಬ ಸುಳ್ಳು ನೆವ ಹೇಳಿ ಕಳುಹಿಸಿದನಂತೆ. ಸುಳ್ಳಾಗಿ ಹೇಳಿದ ನೋವು ನಿಜವಾಗಿಯೇ ಬಂದಿತು. ಯಾವ ಔಷಧಕ್ಕೂ ಜಗ್ಗದೆ, ತಿಂದ ಅನ್ನ ನಿಲ್ಲದೆ ಮೈ ಕರಗಿತು. ಕಡೆಗೆ ವಿಜಯದಾಸರ ಕಾಲಿಗೆ ಬಿದ್ದನು. ಅವರೋ ತಾವು ಗುಣಪಡಿಸದೆ, ತಮ್ಮ ಶಿಷ್ಯನಾದ ಮೊಸರಕಲ್ಲಿನ ಗೋಪಾಲದಾಸರ ಬಳಿಗೆ ಹೋಗೆಂದರು! ಎಲೀಷನು ಆಳನ್ನು ಕಳುಹಿಸಿದಂತೆಯೇ ಆಯಿತಲ್ಲವೇ? ಗೋಪಾಲದಾಸರು ಕೊಟ್ಟದ್ದು ಜೋಳದ ರೊಟ್ಟಿ. ತಮ್ಮ ಆಯುಷ್ಯದಲ್ಲಿ 40 ವರುಷಗಳನ್ನು ಸಹ ಕೊಟ್ಟರೆಂದು ದಾಸರ ಪರಂಪರೆಯವರು ಹೇಳುತ್ತಾರೆ.

ಆತನು ಹಾಡಿದ ದೇವರ ವಿಷಯದಲ್ಲಿ ನಾವು ಆತನೊಡನೆ ಒಪ್ಪುವವರಲ್ಲ. ಆದರೂ ಆತನು ಮತ್ತೆ ಕಲಿಯಲು ಕೂತ ರೀತಿಯನ್ನು ನೋಡಿರಿ. ತರ್ಕವನ್ನು ಬಲ್ಲವನು, ಹೊಲಗೇರಿಯೂ ಒಕ್ಕಲಗೇರಿಯೂ ಆಡುವ ಮಾತಿನಲ್ಲಿ ತಾಳ ತಪ್ಪದೆ ಪದ ಕಟ್ಟುವುದನ್ನು ತಾನು ಹೀನೈಸಿದವರಿಂದಲೇ ಕಲಿಯಬೇಕಾಯಿತು.

ರಾಯಚೂರಿನ ಕಾಲೇಜಿನಿಂದ ರಜೆಗೆ ಬಂದ ಹುಡುಗನು, ಅಕ್ಷರ ಬಾರದ ಹಿರಿಯನು ಡಪ್ಪು ಬಾರಿಸಿ ಹಾಡುವ ಕೀರ್ತನೆಗೆ ಬಾಯಿ ತೆರೆಯದೆ ಗೋಡೆಗೆ ಒರಗಿ ಕೂತಿರುವುದನ್ನು ನಾನು ಕಂಡಿದ್ದೇನೆ. ಗದರಿಸಲು ಮನಸ್ಸಾಗಲಿಲ್ಲ, ನಾನೂ ಒಂದು ಕಾಲದಲ್ಲಿ ಅದೇ ಗೋಡೆಗೆ ಒರಗಿದವನು. ಯೌವನಸ್ಥರೇ, ನೀವು ಕಲಿತದ್ದು ಒಳ್ಳೆಯದೇ. ಆದರೆ ಆ ಹಿರಿಯನ ಎದೆಯಲ್ಲಿರುವ ಹಾಡು ಯಾವ ಪುಸ್ತಕದಲ್ಲಿಯೂ ಇಲ್ಲ. ಆತನು ತೀರಿಕೊಂಡ ದಿನ ಅದೂ ಮಣ್ಣು ಸೇರುವುದು. ಈ ಆದಿತ್ಯವಾರವೇ ಆತನ ಬಳಿ ಕೂತುಕೊಳ್ಳುವಿರಾ?

ಶ್ರೀನಿವಾಸನು ಗುಣಹೊಂದಿ ಪಂಢರಪುರಕ್ಕೆ ಹೋಗಿ, ಜಗನ್ನಾಥವಿಠಲ ಎಂಬ ಅಂಕಿತವನ್ನು ಪಡೆದು ಜಗನ್ನಾಥದಾಸನಾದನು. 1809ರಲ್ಲಿ ಮಾನ್ವಿಯಲ್ಲಿ ತೀರಿಕೊಂಡನು. ಆತನ ಹರಿಕಥಾಮೃತಸಾರವು ಭಾಮಿನಿ ಷಟ್ಪದಿಯಲ್ಲಿದೆ, ಕನ್ನಡದಲ್ಲಿಯೇ. ಶಾಸ್ತ್ರ ಬಲ್ಲ ಪಂಡಿತರು ಅದಕ್ಕೆ ಟೀಕೆಗಳನ್ನು ಬರೆದರು.