ರೂಪಕ್ಕೆ ನೆಲೆ ಬೇಕೆ?

ಜಾಲಪುಟದ ರೂಪವನ್ನು ನಿರ್ಧರಿಸುವ ಟೆಂಪ್ಲೇಟು ಕಡತದಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಪೈಥಾನ್ ಭಾಷೆಯ ಜಿಂಜಾ ಎಂಬ ಟೆಂಪ್ಲೇಟು ಎಂಜಿನಿನಲ್ಲಿ 'ಗೆಟ್_ಟೆಂಪ್ಲೇಟ್' ಅದನ್ನು ಹೆಸರಿನಿಂದ ಹುಡುಕಿ ತರುತ್ತದೆ. 'ಫ್ರಮ್_ಸ್ಟ್ರಿಂಗ್' ಮೆಮೊರಿಯಲ್ಲಿರುವ ಸ್ಟ್ರಿಂಗಿನಿಂದಲೇ, ಅಂದರೆ ಅಕ್ಷರಗಳ ಸರಣಿಯಿಂದಲೇ, ಕಟ್ಟುತ್ತದೆ. ಪಠ್ಯ, ತುಂಬುವ ಮೌಲ್ಯ, ಸೆಟ್ಟಿಂಗುಗಳು ಒಂದೇ ಆಗಿದ್ದರೆ ಸಿದ್ಧವಾಗುವ ಪುಟವೂ ಒಂದೇ. ಹಾಗಾದರೆ ರೂಪದ ಗುರುತು ಅದರ ನೆಲೆಯಲ್ಲಿದೆಯೇ, ರೂಪದಲ್ಲಿಯೇ ಇದೆಯೇ?

ಚಿತ್ರದುರ್ಗ ಸೀಮೆಯ ಮೌಖಿಕ ಪರಂಪರೆ ಇದಕ್ಕೆ ಒಂದು ಉತ್ತರ ಕೊಡುತ್ತದೆ. ಕಾಡುಗೊಲ್ಲರ ದೈವ ಜುಂಜಪ್ಪನ ಕಾವ್ಯ ಬರಹಕ್ಕಿಳಿಯುವ ಮುನ್ನ ತಲೆಮಾರುಗಳ ಕಾಲ ಕಂಠದಲ್ಲಿಯೇ ಬಾಳಿತು. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಿಂದಲೇ ಹಾಡಿದರು. ಆಕೆಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರು 'ಸಾವಿರದ ಸಿರಿಯಜ್ಜಿ'ಯಲ್ಲಿ ಗ್ರಂಥಸ್ಥಗೊಳಿಸಿದರು. ಹಾಡಿಕೆಯಿಂದ ಹಾಡಿಕೆಗೆ ವಿವರ ಬದಲಾದರೂ ಕಥನದ ಚೌಕಟ್ಟು ಉಳಿಯುತ್ತದೆ.

ಆದರೂ ನೆಲೆ ನಿರರ್ಥಕವಲ್ಲ. ಕಡತಕ್ಕೆ ಹೆಸರಿದೆ, ಬೇರೆ ಟೆಂಪ್ಲೇಟುಗಳು ಆ ಹೆಸರು ಹಿಡಿದು ಅದನ್ನು ವಿಸ್ತರಿಸಬಲ್ಲವು, ದೋಷ ಎಲ್ಲಿದೆಯೆಂದು ಸುಲಭವಾಗಿ ತಿಳಿಯುತ್ತದೆ. ಸ್ಟ್ರಿಂಗು ಎಲ್ಲಿಂದಲಾದರೂ ಬರಬಹುದು. ಬಳಕೆದಾರರು ಬರೆದದ್ದನ್ನೇ ಟೆಂಪ್ಲೇಟಾಗಿಸಿದರೆ ಸರ್ವರಿನಲ್ಲಿ ಅನ್ಯರ ಆಜ್ಞೆ ನಡೆದೀತು. ಆದ್ದರಿಂದ ರೂಪ ನೆಲೆಯಿಂದ ಸ್ವತಂತ್ರ. ಅದರ ಮೇಲಿನ ನಂಬಿಕೆ ಮಾತ್ರ ಅದು ಯಾರಿಂದ ಬಂತೆಂಬ ಅರಿವನ್ನು ಅವಲಂಬಿಸಿದೆ.