ನೋಟವೂ ದಯೆಯೂ

ನೋಡುವುದರಿಂದ ಯಾರಿಗೂ ನೋವಿಲ್ಲವೆಂಬುದು ಸಾಮಾನ್ಯ ನಂಬಿಕೆ. ಆದರೆ ನೋಟದೊಡನೆ ಆಸೆ ಕೂಡಿದಾಗ ಅದು ಕೈಯನ್ನೂ ಕೆಲಸಕ್ಕೆ ಹಚ್ಚುತ್ತದೆ. ಹೊಲ ತೋಟಗಳಲ್ಲಿ ಕೀಟಗಳನ್ನು ನೋಡಿ ಅವುಗಳ ಛಾಯಾಚಿತ್ರ ತೆಗೆಯುವವರು ಇಂದು ಅನೇಕರಿದ್ದಾರೆ. ಹವ್ಯಾಸವೇನೋ ಒಳ್ಳೆಯದೆ. ಅದರಲ್ಲಿ ಅಡಗಿರುವ ಧರ್ಮಪ್ರಶ್ನೆಯೊಂದನ್ನು ಗೃಹಸ್ಥರು ವಿಚಾರಿಸತಕ್ಕದ್ದು.

ಕೀಟದ ಚಲನೆಯು ಬಹುಮಟ್ಟಿಗೆ ಸುತ್ತಲಿನ ಬಿಸಿಲು ಚಳಿಗಳಿಗೆ ಅಧೀನವಾದುದು. ಇದನ್ನರಿತ ಕೆಲವರು ಕೀಟವನ್ನು ಹಿಡಿದು ರೆಫ್ರಿಜರೇಟರಿನಲ್ಲಿಟ್ಟು, ಅದು ಮರವಟ್ಟ ಮೇಲೆ ಹೂವಿನಲ್ಲಿ ಕೂರಿಸಿ ಚಿತ್ರ ತೆಗೆಯುವುದುಂಟು. ಪ್ರಾಣವೇ ಹೋಗದಿರುವಾಗ ದೋಷವೇನೆಂದು ಕೇಳಬಹುದು. ದೋಷವು ಇಮ್ಮಡಿಯಾದುದು. ಜೀವಕ್ಕೆ ಉಪದ್ರವವಾಯಿತೆಂಬುದು ಒಂದು. ತಾನಾಗಿ ಬಾರದ ಕೀಟವನ್ನು ತಾನಾಗಿ ಬಂದಂತೆ ತೋರಿಸಿದ ಅಸತ್ಯವು ಮತ್ತೊಂದು.

ನಮ್ಮ ಮಲೆನಾಡಿನ ಮರಗಳಲ್ಲಿ ಚಗಳಿಯೆಂಬ ಕೆಂಪಿರುವೆಯು ಗೂಡು ಕಟ್ಟುವ ರೀತಿಯನ್ನು ನೋಡಿರಿ. ಇರುವೆಗಳು ಸಾಲಾಗಿ ನಿಂತು ಎರಡೆಲೆಗಳ ಅಂಚುಗಳನ್ನು ಎಳೆದು ಹಿಡಿಯುತ್ತವೆ. ಅಂತರ ಹೆಚ್ಚಾದರೆ ಒಂದರ ನಡುವನ್ನು ಮತ್ತೊಂದು ಹಿಡಿದು ಸರಪಳಿಯಾಗುತ್ತವೆ. ಬೇರೆ ಕೆಲವು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿ ತಂದು, ಅಂಚಿನಿಂದ ಅಂಚಿಗೆ ನೇಕಾರನ ಲಾಳಿಯಂತೆ ಆಡಿಸುತ್ತವೆ. ಮರಿಯ ಬಾಯಿಂದ ಹೊರಡುವ ರೇಷ್ಮೆಯೆಳೆಯೇ ಎಲೆಗಳನ್ನು ಬೆಸೆಯುತ್ತದೆ. ಮರಿಯಾದರೋ ಆ ನೂಲನ್ನೆಲ್ಲ ಗೂಡಿಗಿತ್ತು, ತನಗೆಂದು ಕೋಶ ಕಟ್ಟಿಕೊಳ್ಳದೆ ಬೆಳೆಯುತ್ತದೆ. ಇದನ್ನು ಕಂಡವನಿಗೆ ದಾಸೋಹವೆಂಬ ಮಾತು ನೆನಪಾದರೆ ಆಶ್ಚರ್ಯವಿಲ್ಲ. ಒಳಗನ್ನು ಕಾಣುವ ಆತುರದಿಂದ ಗೂಡನ್ನು ಹರಿದವನಿಗೆ ಕಾಣುವುದೇನು? ಕಾಯಕವಲ್ಲ, ಕಲಹ. ಹಿಂಸೆಯು ಕಾಣಬೇಕಾದುದನ್ನೇ ಕೆಡಿಸಿತು.

ಫ್ರಾನ್ಸ್ ದೇಶದ ಝಾನ್ ಆನ್ರಿ ಫಾಬ್ರ್ (1823-1915) ಎಂಬ ವಿದ್ವಾಂಸನು 1879ರಲ್ಲಿ ಸೆರಿನ್ಯಾನ್ ಗ್ರಾಮದ ಕಲ್ಲುನೆಲವೊಂದನ್ನು ಕೊಂಡು, ಕೊನೆಯವರೆಗೂ ಅಲ್ಲಿಯೇ ಕೀಟಗಳನ್ನು ನೋಡುತ್ತ ಬಾಳಿದನು. ಅವನೂ ಪ್ರಯೋಗಗಳನ್ನು ಮಾಡಿದವನೆ. ಆದರೂ ಸತ್ತ ಕೀಟವನ್ನು ಸೂಜಿಗೆ ಚುಚ್ಚಿಡುವುದಕ್ಕಿಂತ ಬದುಕಿರುವುದರ ನಡತೆಯನ್ನು ಕಾದು ನೋಡುವುದೇ ಮೇಲೆಂದು ಬಗೆದನು. 1879ರಿಂದ 1907ರವರೆಗೆ ಹೊರಬಂದ ಅವನ ಗ್ರಂಥದ ಹತ್ತು ಸಂಪುಟಗಳು ಆ ತಾಳ್ಮೆಯ ಫಲ.

ಬೆಳೆಗಾಗಿ ಹುಳುಗಳನ್ನು ಕೊಲ್ಲುವ ಒಕ್ಕಲು ಮಕ್ಕಳಿಗೆ ಇಷ್ಟು ಸೂಕ್ಷ್ಮವೇಕೆಂದು ಕೆಲವರು ಆಕ್ಷೇಪಿಸಬಹುದು. ರೈತನ ಕೈಯನ್ನು ನಡೆಸುವುದು ಮಕ್ಕಳ ಹಸಿವು. ಅದು ಅನಿವಾರ್ಯದ ನೋವು. ಚಿತ್ರ ತೆಗೆಯುವವನಿಗೆ ಅಂಥ ಕಟ್ಟಿಲ್ಲ. ಅಗತ್ಯವಿಲ್ಲದೆಡೆ ಮಾಡಿದ ಹಿಂಸೆಗೆ ಆಸೆಯ ಹೊರತು ಬೇರೆ ಕಾರಣವಿರದು. ಶರಣರು ಧರ್ಮಕ್ಕೆ ಆಧಾರವೆಂದು ಎತ್ತಿಹಿಡಿದ ದಯೆಯ ಪರೀಕ್ಷೆಯು ಇಂತಹ ಬಿಡುವಿನ ವೇಳೆಯಲ್ಲಿಯೇ ನಡೆಯುತ್ತದೆ.

ಹಾಗಾದರೆ ಚಿತ್ರವೇ ಬೇಡವೆ? ಬೇಕು. ಬೆಳಗಿನ ಜಾವದಲ್ಲಿ ಹೊಲಕ್ಕೆ ಹೋದರೆ ಪಾತರಗಿತ್ತಿಯೂ ಏರೋಪ್ಲೇನ್ ಚಿಟ್ಟೆಯೂ ಇಬ್ಬನಿ ಹೊತ್ತು ಕಡ್ಡಿಯ ಮೇಲೆ ಅಲುಗದೆ ಕುಳಿತಿರುತ್ತವೆ. ಪೆಟ್ಟಿಗೆಯಲ್ಲಿಟ್ಟು ಬಲವಂತದಿಂದ ಪಡೆಯುವ ಸ್ತಬ್ಧತೆಯನ್ನು ಇರುಳ ತಂಪು ತಾನಾಗಿಯೇ ನೀಡಿರುತ್ತದೆ. ಬೇಗ ಏಳುವುದು, ಬಾಗಿ ಕೂರುವುದು, ಬಿಸಿಲೇರಿ ಅದು ಹಾರಿದರೆ ಹಾರಗೊಡುವುದು, ಇಷ್ಟೇ ನಮ್ಮ ಪಾಲಿನ ಕೆಲಸ. ಚಿತ್ರ ದೊರೆಯದ ದಿನವೂ ನೋಟವು ದೊರೆತಿರುತ್ತದೆ. ಮಕ್ಕಳ ಕೈಗೆ ಕ್ಯಾಮರಾ ಕೊಡುವ ತಂದೆತಾಯಿಗಳು ಅದರೊಡನೆ ಈ ಸೈರಣೆಯನ್ನೂ ಕಲಿಸಲಿ.