ಬಯಕೆ ಯಾರದು?

ನಾನು ಕನ್ನಡ ಪಾಠ ಹೇಳುವವನು. ಸೂಕ್ಷ್ಮದರ್ಶಕಕ್ಕೂ ನನಗೂ ಬಳಕೆ ಕಡಮೆ. ಆದರೂ ನಮ್ಮ ಕರುಳಿನಲ್ಲೇ ಬಿಡಾರ ಹೂಡಿರುವ ಎಷರೀಶಿಯ ಕೋಲೈ ಎಂಬ ಬ್ಯಾಕ್ಟೀರಿಯದ ವಿಚಾರ ಓದಿದಂದಿನಿಂದ ಹಳೆಯ ಪ್ರಶ್ನೆಯೊಂದು ಹೊಸದಾಗಿ ಕಾಡುತ್ತಿದೆ: ನಮ್ಮದೆಂದು ನಾವು ಹೇಳಿಕೊಳ್ಳುವ ಬಯಕೆ ನಿಜವಾಗಿ ನಮ್ಮದೆ?

ಈ ಜೀವಿಗೆ ಮಿದುಳಿಲ್ಲ, ಕಣ್ಣಿಲ್ಲ. ಇರುವುದು ದಾರದಂಥ ಕೆಲವು ಕಶಾಂಗಗಳು. ಅವು ಅಪ್ರದಕ್ಷಿಣವಾಗಿ ತಿರುಗಿದರೆ ಒಟ್ಟಿಗೆ ಹುರಿಗೊಂಡು ಮೈಯನ್ನು ಮುಂದಕ್ಕೆ ನೂಕುತ್ತವೆ. ಪ್ರದಕ್ಷಿಣವಾಗಿ ತಿರುಗಿದರೆ ಹುರಿ ಬಿಚ್ಚಿ, ಜೀವಿ ಉರುಳಾಡಿ, ಬೇರೊಂದು ದಿಕ್ಕಿಗೆ ಮುಖ ಮಾಡುತ್ತದೆ. ಸುಮಾರು ಒಂದು ಸೆಕೆಂಡು ಓಟ, ಅದರ ಹತ್ತನೆಯ ಒಂದು ಪಾಲು ಉರುಳಾಟ. 1972ರಲ್ಲಿ ಹೋವರ್ಡ್ ಬರ್ಗ್ ಮತ್ತು ಡಗ್ಲಸ್ ಬ್ರೌನ್ ಹಿಂಬಾಲಿಸಿ ಕಂಡ ಲೆಕ್ಕವಿದು. ಆಹಾರದ ಸುಳಿವು ಹೆಚ್ಚುತ್ತಿದ್ದರೆ ಓಟ ನೀಳವಾಗುತ್ತದೆ. ಮೂರು ನಾಲ್ಕು ಸೆಕೆಂಡಿನ ಹಿಂದಿಗಿಂತ ಈಗ ಮೇಲು ಎಂಬುದನ್ನಷ್ಟೇ ಅದು ಬಲ್ಲುದು. ಪ್ರಿಯವಾದ ಅಸ್ಪಾರ್ಟೇಟ್ ಸುತ್ತಲೂ ಸಮನಾಗಿ ತುಂಬಿದ್ದರೂ, ಸ್ವಲ್ಪ ಹೊತ್ತಿನಲ್ಲೇ ಹಳೆಯ ಅಲೆದಾಟಕ್ಕೆ ಮರಳುತ್ತದೆ. ಸಂಬಳ ಏರಿದ ಮೂರನೆಯ ತಿಂಗಳೇ ಗೊಣಗತೊಡಗುವ ನಮಗೆ ಇದು ದೂರದ ನೆಂಟನಾಗಿರಬೇಕು!

ಶಾಖದ ವಿಚಾರ ಇನ್ನೂ ಸೋಜಿಗದ್ದು. ವಿರಳವಾಗಿರುವಾಗ ಬೆಚ್ಚನೆಯ ಕಡೆ ಸಾಗುವ ಈ ಜೀವಿಗಳು, ಗುಂಪು ದಟ್ಟವಾದೊಡನೆ ತಂಪಿನ ಕಡೆ ತಿರುಗುತ್ತವೆಂದು 2007ರಲ್ಲಿ ಹನ್ನಾ ಸಾಲ್ಮನ್, ಆಲ್ಬರ್ಟ್ ಲಿಬ್‌ಶಾಬರ್ ತೋರಿಸಿದರು. ಅವೇ ಹೊರಚೆಲ್ಲಿದ ಗ್ಲೈಸಿನ್ ಎಂಬ ದ್ರವ್ಯ ನೀರಿನಲ್ಲಿ ಕೂಡಿ, ಶಾಖವನ್ನರಿಯುವ ಗ್ರಾಹಕವೊಂದರ ನಡತೆಯನ್ನೇ ತಿರುವುಮುರುವು ಮಾಡುತ್ತದೆ. ಅದಕ್ಕೆ ಬಾಯಿದ್ದಿದ್ದರೆ, 'ನನಗೆ ತಂಪೇ ಇಷ್ಟ' ಎನ್ನುತ್ತಿತ್ತೇನೋ. ಆ ಇಷ್ಟವನ್ನು ನೆರೆಹೊರೆ ಕಲಿಸಿತೆಂದು ಅದಕ್ಕೇನು ಗೊತ್ತು?

ಹಾಗಾದರೆ, ಗುಂಪಿನಲ್ಲಿ ಕಲ್ಲೆಸೆದವನು 'ಎಲ್ಲರೂ ಎಸೆದರು, ನನ್ನ ಕೈಯೂ ಎದ್ದಿತು' ಎಂದರೆ ಅವನನ್ನು ಮನ್ನಿಸಿಬಿಡಬೇಕೆ? ಕೂಡದೆಂದು ನನ್ನ ಎಣಿಕೆ. ಬಯಕೆ ಹುಟ್ಟುವುದು ನಮ್ಮ ಅಂಕೆಯಲ್ಲಿಲ್ಲದಿರಬಹುದು. ಆದರೆ ಮನುಷ್ಯನ ನೆನಪು ವರ್ಷಗಳಷ್ಟು ಹಿಂದಕ್ಕೆ ಹೋಗಬಲ್ಲುದು. ಮೊದಲು ಏನನ್ನು ಬಯಸುತ್ತಿದ್ದೆ, ಯಾರ ನಡುವೆ ಕುಳಿತ ಮೇಲೆ ಅದು ಮಾರ್ಪಟ್ಟಿತು ಎಂದು ಅವನು ತನ್ನನ್ನೇ ಕೇಳಿಕೊಳ್ಳಬಲ್ಲ. ಕೇಳಿಕೊಂಡ ಮೇಲೂ ಗುಂಪಿನೊಡನೆ ನಡೆಯಬಹುದು. ಗುಂಪೇ ಸರಿಯಾಗಿರುವುದೂ ಉಂಟು. ಕೇಳಿಕೊಳ್ಳದೆ ನಡೆದದ್ದಕ್ಕೆ ಮಾತ್ರ ಅವನು ಹೊಣೆ.

ಇನ್ನೊಂದು ಮಾತು. ಆ ಗ್ಲೈಸಿನ್ ಆಕಾಶದಿಂದ ಉದುರಿದ್ದಲ್ಲ. ಗುಂಪಿನ ಒಂದೊಂದು ಜೀವಿಯೂ ಅದಕ್ಕೆ ತನ್ನ ಪಾಲು ಬೆರೆಸಿದೆ. 'ಕಾಲ ಕೆಟ್ಟಿತು' ಎಂದು ಜಗಲಿಯಲ್ಲಿ ಕುಳಿತು ಹಲುಬುವ ನಾವು, ಆ ಕಾಲಕ್ಕೆ ನಾವು ಬೆರೆಸಿದ ಪಾಲೆಷ್ಟೆಂದು ಎಣಿಸಿದ್ದೇವೆಯೆ? ಬಯಕೆ ಯಾರದೆಂಬ ವ್ಯಾಜ್ಯ ತೀರದಿದ್ದರೂ ಈ ಲೆಕ್ಕವನ್ನು ನಾವು ಒಪ್ಪಿಸಲೇಬೇಕು.